ಜೇಬಿನಲ್ಲಿರುವ ಗೋಡೆ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಯಂತ್ರೋಪಕರಣಗಳ ಖರೀದಿಗೆಂದು ಈಚೆಗೆ ಚೀನಾದ ಗುವಾಂಗ್‌ಝೌ ನಗರಕ್ಕೆ ಹೋಗಿದ್ದರು. ತಲುಪಿದ ಸುದ್ದಿಯನ್ನು ಧಾರವಾಡದ ತಾಯಿಗೆ ಮುಟ್ಟಿಸಲು ಅವರಿಗೆ ಒಂದೂವರೆ ದಿನ ಹಿಡಿಯಿತು. ಹೋಟೆಲಿನ ಸಂಪರ್ಕದಲ್ಲಿ ವಾಟ್ಸಾಪ್ ತೆರೆಯಲಿಲ್ಲ, ಜಿಮೇಲ್ ತೆರೆಯಲಿಲ್ಲ. ತಡೆಯನ್ನು ದಾಟಿಸುವುದೆಂದು ನಂಬಿ ಹಣ ತೆತ್ತು ಕೊಂಡೊಯ್ದಿದ್ದ ವಿಪಿಎನ್ ಸಂಪರ್ಕ ಸಿಗದೆ ಸುಮ್ಮನೆ ಸುತ್ತುತ್ತಿತ್ತು. ಕೊನೆಗೆ ಸಹಪ್ರಯಾಣಿಕರೊಬ್ಬರು ಭಾರತದ ಸಿಮ್‌ನ ರೋಮಿಂಗ್ ಇದ್ದ ತಮ್ಮ ಮೊಬೈಲನ್ನು ಕೈಗಿತ್ತಾಗ ಎಲ್ಲವೂ ಮನೆಯಲ್ಲಿದ್ದಂತೆಯೇ ನಡೆಯಿತು. ಅಷ್ಟು ದೊಡ್ಡ ಗೋಡೆಯಲ್ಲಿ ಇಷ್ಟು ಸಲೀಸಾದ ಬಾಗಿಲು ಹೇಗೆ ಬಂತು ಎಂಬುದು ಹಿಂದಿರುಗಿದ ಮೇಲೆ ಅವರು ಕೇಳಿದ ಪ್ರಶ್ನೆ.

ಆ ಗೋಡೆ ಒಂದೇ ದಿನದಲ್ಲಿ ಎದ್ದುದಲ್ಲ. 2009ರಲ್ಲಿ ಉರುಮ್ಚಿಯ ಗಲಭೆಗಳ ತರುವಾಯ ಫೇಸ್‌ಬುಕ್, ಟ್ವಿಟರ್‌ಗಳು ಮುಚ್ಚಿದವು; 2014ರ ಕೊನೆಯಲ್ಲಿ ಜಿಮೇಲ್, 2017ರಲ್ಲಿ ವಾಟ್ಸಾಪ್. 2019ರ ಏಪ್ರಿಲ್‌ನಲ್ಲಿ ವಿಕಿಪೀಡಿಯದ ಎಲ್ಲ ಭಾಷೆಗಳ ಆವೃತ್ತಿಗಳಿಗೂ ತಡೆ ಬಿದ್ದಿತು. ನಮ್ಮ ಬಡ ಕನ್ನಡ ವಿಕಿಪೀಡಿಯದಿಂದ ಬೀಜಿಂಗಿಗೆ ಯಾವ ಅಪಾಯ ಕಂಡಿತೋ, ಅದೂ ಆ ಸಾಲಿಗೆ ಸೇರಿತು!

ವಿಪಿಎನ್ ಎಂದರೆ ಪತ್ರವನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿಟ್ಟು ಪರದೇಶದ ಗೆಳೆಯನೊಬ್ಬನ ಮೂಲಕ ರವಾನಿಸಿದಂತೆ. ಕಾವಲುಗಾರ ಪತ್ರವನ್ನು ಓದಲಾರ. ಆದರೆ ಲಕೋಟೆಯ ಆಕಾರವನ್ನು ಗುರುತಿಸಬಲ್ಲ. ಸಂಪರ್ಕದ ಆರಂಭದಲ್ಲಿ ವಿನಿಮಯವಾಗುವ ಮೊದಲ ಸಂಕೇತಗಳ ರೂಪ ಕಂಡೊಡನೆ ಕೊಂಡಿ ಕಡಿಯುತ್ತದೆ. ಸಂಶಯ ಬಂದರೆ ಗೋಡೆಯೇ ಗಿರಾಕಿಯ ವೇಷ ತೊಟ್ಟು ಆ ದೂರದ ಗಣಕದ ಬಾಗಿಲು ತಟ್ಟಿ ಪರೀಕ್ಷಿಸುತ್ತದೆ. ಯಾವ ಆಕಾರವೂ ಕಾಣದಂತೆ ಎಲ್ಲವನ್ನೂ ಗೂಢಲಿಪಿಯಾಗಿಸುವ ಉಪಾಯವನ್ನು ಕೆಲವರು ಹೂಡಿದರು. ಆಕಾರವಿಲ್ಲದಿರುವುದೇ ಅನುಮಾನಾಸ್ಪದವೆಂದು 2021ರ ನವೆಂಬರ್‌ನಿಂದ ಅದಕ್ಕೂ ತಡೆ ಬಂದಿತು. ಈ ಗೋಡೆಯ ಜನಕರೆಂದು ಹೆಸರಾದ ಫಾಂಗ್ ಬಿನ್‌ಶಿಂಗ್ ಅವರು 2016ರಲ್ಲಿ ಹಾರ್ಬಿನ್‌ನಲ್ಲಿ ಉಪನ್ಯಾಸ ನೀಡುತ್ತಿದ್ದಾಗ, ದಕ್ಷಿಣ ಕೊರಿಯದ ಪುಟವೊಂದನ್ನು ತೋರಿಸಲು ಸಭಿಕರ ಕಣ್ಣೆದುರೇ ವಿಪಿಎನ್‌ನ ಮೊರೆ ಹೋಗಬೇಕಾಯಿತು. ಭಸ್ಮಾಸುರನ ಕಥೆ ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನು ಬಾಗಿಲಿನ ಮಾತು. ರೋಮಿಂಗ್‌ನಲ್ಲಿರುವ ಮೊಬೈಲಿನ ಮಾಹಿತಿ ಸಾಮಾನ್ಯವಾಗಿ ಮುಚ್ಚಿದ ಕೊಳವೆಯೊಂದರ ಮೂಲಕ ಸ್ವದೇಶದ ದೂರವಾಣಿ ಕಂಪೆನಿಯನ್ನು ತಲುಪಿ, ಅಲ್ಲಿಂದ ಅಂತರ್ಜಾಲಕ್ಕೆ ಇಳಿಯುತ್ತದೆ. ಆದ್ದರಿಂದ ಚೀನಾದ ಶೋಧಕ್ಕೆ ಅದು ಸಿಕ್ಕುವುದಿಲ್ಲ. ಅಲ್ಲಿನ ಸರ್ಕಾರ ಇದನ್ನು ಅರಿಯದೆ ಬಿಟ್ಟಿದೆ ಎಂದು ನನಗೆ ಅನ್ನಿಸುವುದಿಲ್ಲ. ಗೋಡೆ ಇರುವುದು ಅತಿಥಿಗಲ್ಲ, ಮನೆಯವರಿಗೆ. ವಿಪಿಎನ್ ಮಾರುತ್ತಿದ್ದ ಗುವಾಂಗ್ಶಿಯ ವ್ಯಾಪಾರಿಯೊಬ್ಬನಿಗೆ 2017ರ ಡಿಸೆಂಬರ್‌ನಲ್ಲಿ ಐದೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು. ನಮ್ಮ ಸದಸ್ಯರನ್ನು ಯಾರೂ ಏನೂ ಕೇಳಲಿಲ್ಲ.

ಆದರೆ ಎಲ್ಲ ದೇಶವೂ ಅತಿಥಿಗೆ ಹೀಗೆ ಕಣ್ಣುಮುಚ್ಚುವುದೆಂದು ತಿಳಿಯಬಾರದು. ನಮ್ಮಲ್ಲಿ ಅನೇಕರ ಬಂಧುಗಳಿರುವ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ, ಅಪರಾಧ ಎಸಗಲು ಅಥವಾ ಅದನ್ನು ಮರೆಮಾಚಲು ಇಂಥ ಸಾಧನ ಬಳಸಿದವರಿಗೆ 2021ರ ಕಾನೂನು 5 ಲಕ್ಷದಿಂದ 20 ಲಕ್ಷ ದಿರ್ಹಾಂವರೆಗೆ ದಂಡವನ್ನೋ ಸೆರೆಮನೆಯನ್ನೋ ಗೊತ್ತುಪಡಿಸಿದೆ. ಊರಿನ ತಾಯಿಯೊಡನೆ ಮಾತನಾಡಲು ಅನುಮತಿಯುಳ್ಳ ಸೇವೆಗಳನ್ನೇ ಬಳಸುವುದು ಕ್ಷೇಮ.

ಈ ಬಾಗಿಲಿನ ಇನ್ನೊಂದು ಮಗ್ಗುಲನ್ನು ನಾವು ಗಮನಿಸುವುದಿಲ್ಲ. ನಮ್ಮ ಸಿಮ್ ಹಿಡಿದು ಗುವಾಂಗ್‌ಝೌದಲ್ಲಿ ಕುಳಿತವನ ಮಾಹಿತಿ ಭಾರತಕ್ಕೆ ಬಂದು ಹೊರಡುವುದಾದರೆ, ಅದಕ್ಕೆ ಅನ್ವಯವಾಗುವುದು ಭಾರತದ ತಡೆಗಳು. 2020ರ ಜೂನ್ 29ರಂದು ನಮ್ಮ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ, ಚೀನೀಯರು ದಿನಬೆಳಗಾದರೆ ಬಳಸುವ ವೀಚಾಟ್ ಕೂಡ ಇತ್ತು. ಪ್ರವಾಸಿಯು ಅವರ ಗೋಡೆಯನ್ನು ದಾಟಿದ್ದು ತನ್ನ ಗೋಡೆಯನ್ನು ಜೇಬಿನಲ್ಲಿಟ್ಟುಕೊಂಡು.

ಕೇಂದ್ರ ಸರ್ಕಾರದ ನೌಕರನಾದ ನಾನು ಇದನ್ನು ಅಳೆದು ತೂಗಿ ಬರೆಯುತ್ತಿದ್ದೇನೆ. ಹೊರಗಿನವರ ವಿಪಿಎನ್ ಬಳಸಕೂಡದೆಂದು 2022ರಲ್ಲಿ ಸರ್ಕಾರಿ ನೌಕರರಿಗೆ ಬಂದ ಸೂಚನೆಯಲ್ಲಿ ನನಗೆ ತಪ್ಪು ಕಾಣಲಿಲ್ಲ. ಕಡತಗಳ ಗೋಪ್ಯತೆ ಕಾಯಬೇಕಾದ್ದೇ. ಅದೇ ವರ್ಷದ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಮಾತು ಬೇರೆ. ವಿಪಿಎನ್ ಗ್ರಾಹಕರ ಹೆಸರು, ವಿಳಾಸಗಳನ್ನು ಐದು ವರ್ಷ ಕಾಪಿಡಬೇಕೆಂದು ಅದು ವಿಧಿಸಿತು; ಎಕ್ಸ್‌ಪ್ರೆಸ್ ವಿಪಿಎನ್‌ನಂಥ ಕಂಪೆನಿಗಳು ತಮ್ಮ ಗಣಕಗಳನ್ನೇ ಭಾರತದಿಂದ ತೆರವು ಮಾಡಿದವು. ಅಪರಾಧಿಯನ್ನು ಹಿಡಿಯಲು ನ್ಯಾಯಾಲಯದ ಆದೇಶವಿರುವಾಗ ಎಲ್ಲರ ಪಟ್ಟಿ ಏಕೆ ಬೇಕೆಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ನನಗೆ ಇನ್ನೂ ದೊರೆತಿಲ್ಲ.

ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಅಂತರ್ಜಾಲ ನಿಂತಿತು. ಅನಿರ್ದಿಷ್ಟ ಕಾಲ ಅದನ್ನು ತಡೆಹಿಡಿಯಲಾಗದೆಂದು 2020ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯ ಹೇಳಿದ ಬಳಿಕ ಮಂದಗತಿಯ 2ಜಿ ಮರಳಿತು, ಅದೂ ಸರ್ಕಾರ ಪಟ್ಟಿ ಮಾಡಿಕೊಟ್ಟ ಕೆಲವು ನೂರು ತಾಣಗಳಿಗೆ ಮಾತ್ರ. ಜನ ವಿಪಿಎನ್ ಹಿಡಿದು ಪಟ್ಟಿಯನ್ನು ದಾಟಿದರು. ಫೆಬ್ರವರಿಯಲ್ಲಿ ಪೊಲೀಸರು ಮೊಕದ್ದಮೆ ಹೂಡಿದರು. 4ಜಿ ಹಿಂದಿರುಗಿದ್ದು 2021ರ ಫೆಬ್ರವರಿಯಲ್ಲಿ. ಅಲ್ಲಿಯೂ ಮಗನ ಸುದ್ದಿಗೆ ಕಾದು ಕುಳಿತ ತಾಯಂದಿರಿದ್ದರು. ಆ ಒಂದೂವರೆ ವರ್ಷದಲ್ಲಿ ನಮ್ಮ ಈ ತ್ರೈಮಾಸಿಕದ ಆರು ಸಂಚಿಕೆಗಳು ಹೊರಬಂದವು; ಆ ವಿಷಯವಾಗಿ ಒಂದು ಸಾಲೂ ಅವುಗಳಲ್ಲಿ ಇಲ್ಲ. ಸಂಪಾದಕನ ಸ್ಥಾನದಲ್ಲಿ ಆಗಲೂ ಇದ್ದವನು ನಾನೇ.