ಟೆಂಟಿನ ಹಿಂದೆ ಕೂತ ಹೀರೋ

ಅಭಿಮಾನಿ ಮಿತ್ರರೇ, ಹೀರೋ ಯಾರು ಅಂತ ಕೇಳಿದರೆ ನೀವು ಕಣ್ಣು ಮುಚ್ಚಿಕೊಂಡು ‘ಅಣ್ಣಾವ್ರು’ ಅಂತೀರಿ. ಒಪ್ಪಿದೆ! ಆದರೆ ಚಿಂಚಲಿಯ ನಮ್ಮ ಮನೆಯಲ್ಲಿ ಮಾತ್ರ ಹೀರೋ ನರಸಿಂಹರಾಜು. ಹಾಗೆಂದು ತೀರ್ಪು ಕೊಟ್ಟವನು ನಮ್ಮಪ್ಪ. ಸಿನಿಮಾ ನೋಡಿ ಬಂದು ಅವನು ಹೇಳುವ ಕಥೆಯಲ್ಲಿ ರಾಜ್‌ಕುಮಾರ್ ಹೊಡೆದಾಟ ಮುಗಿಸಿ ಸುಸ್ತಾಗಿ ಕೂತಿರುತ್ತಿದ್ದರು. ಹುಡುಗಿಯನ್ನು ಮದುವೆಯಾಗಿ ಹೋಳಿಗೆ ಉಣ್ಣುತ್ತಿದ್ದವನು ನರಸಿಂಹರಾಜು!

ಅವ್ವ ರೊಟ್ಟಿ ಬಡಿಯುವ ತಾಳಕ್ಕೆ ಅಂಗಳದಲ್ಲಿ ಕುಣಿಯುವುದು, ಮೀಸೆಗೆ ಹಿಟ್ಟು ಬಳಿದುಕೊಂಡು ಬಾಕಿ ವಸೂಲಿಗೆ ಬಂದ ಸಾವಕಾರನಂತೆ ಕದ ಬಡಿಯುವುದು... ಇಂಥವೆಲ್ಲ ದಿನದ ಆಟ.

1972ರ ಬರ ಬಂತು ನೋಡಿ. ಮಹಾರಾಷ್ಟ್ರದಿಂದ ನಮ್ಮ ಬೆಳಗಾವಿ, ಬಿಜಾಪುರದ ಸೀಮೆವರೆಗೆ ನೆಲ ಬಾಯಿಬಿಟ್ಟಿತು. ಮೇವಿಲ್ಲ. ಅಪ್ಪ ಎರಡೂ ಎತ್ತುಗಳನ್ನು ದಲಾಲಿಗೆ ಕೊಟ್ಟ. ಮುಂದೆ ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ. ಮಹಾರಾಷ್ಟ್ರದ ಕಡೆಯಿಂದ ಗೆಜ್ಜೆ ಕಟ್ಟಿದ ಚಕ್ಕಡಿಗಳು ನಮ್ಮ ಬಾಗಿಲ ಮುಂದೆಯೇ ಸಾಲುಗಟ್ಟಿ ಹೋಗುತ್ತಿವೆ, ನಮ್ಮದು ಮೂಗು ನೆಲಕ್ಕೂರಿ ನಿಂತಿದೆ. ನಾವು ಮಕ್ಕಳು ಅಳಲಿಕ್ಕೆ ಹತ್ತಿದೆವು.

ಅಪ್ಪ ಮಾತಾಡಲಿಲ್ಲ. ನಮ್ಮನ್ನು ಎತ್ತಿ ಚಕ್ಕಡಿಯಲ್ಲಿ ಕೂಡಿಸಿದ, ಕೊರಳಿಗೆ ಗೆಜ್ಜೆಸರ ಹಾಕಿಕೊಂಡ, ನೊಗಕ್ಕೆ ಎದೆ ಕೊಟ್ಟು ‘ಅಂಬಾ...’ ಅಂತ ಕೂಗಿ ಹೊರಟೇಬಿಟ್ಟ! ನಾವು ಬಿದ್ದು ಬಿದ್ದು ನಕ್ಕೆವು. ಎದುರಿಗೆ ಬಂದವನೊಬ್ಬ, “ಏನೋ ಮಾರಾಯಾ ಇದು?” ಅಂದ. “ಹೊಸಾ ತಳಿ ಎತ್ತರೀ. ಮೇವು ಬೇಡೂದಿಲ್ಲ, ಅರ್ಧ ಕಪ್ಪು ಚಾ ಆದ್ರ ಸಾಕು!” ಅಂದ ನಮ್ಮಪ್ಪ. ಹಿಂದಿನಿಂದ ಅವ್ವ ಗಾಲಿಗೆ ಕೈಕೊಟ್ಟು ದೂಡುತ್ತಿದ್ದಳು. ಅವಳು ನಗುತ್ತಿರಲಿಲ್ಲ.

ರಾತ್ರಿ ಜಾತ್ರೆಯ ಟೆಂಟಿನಲ್ಲಿ ‘ಸತ್ಯ ಹರಿಶ್ಚಂದ್ರ’. ಹುಣಸೂರು ಕೃಷ್ಣಮೂರ್ತಿಗಳ 1965ರ ಚಿತ್ರ, ನಮ್ಮ ಕಡೆ ಎಷ್ಟು ಸಲ ಬಂದರೂ ಜನ ಕೂಡುತ್ತಿತ್ತು. ಟಿಕೀಟಿಗೆ ದುಡ್ಡಿಲ್ಲ. ಅಪ್ಪ ಚಕ್ಕಡಿಯನ್ನು ಟೆಂಟಿನ ಹಿಂದಕ್ಕೆ ಒಯ್ದು ನಿಲ್ಲಿಸಿದ. “ಒಳಗಿನವರು ಬರೇ ನೋಡತಾರ, ನಾವು ನೋಡದನ ತಿಳಕೊಳ್ಳೂಣು!” ಅಂದ. ಮಾತು, ಹಾಡು ಅಲ್ಲಿಂದ ಬರುತ್ತಿತ್ತು. ಚಿತ್ರ ಅಪ್ಪನ ಬಾಯಿಂದ. ಒಳಗೆ ಒಮ್ಮೆಲೇ ನಗೆ ಎದ್ದಿತು. ಇನ್ನೂ ಒಂದು ಮಾತೂ ಕೇಳಿಸಿಲ್ಲ! “ನೋಡಲೇ, ನರಸಿಂಹರಾಜು ಬಂದಾ!” ಅಂದ ಅಪ್ಪ. ಮಿತ್ರರೇ, ಬಾಯಿ ತೆರೆಯುವ ಮೊದಲೇ ಜನರನ್ನು ನಗಿಸುವವನು ಎಂಥ ನಟನಿರಬೇಕು, ಹೇಳಿ.

ಆ ಚಿತ್ರದಲ್ಲಿ ಅವರು ನಕ್ಷತ್ರಿಕ. ಸಾಲ ವಸೂಲಿಗೆ ಹರಿಶ್ಚಂದ್ರನ ಬೆನ್ನು ಹತ್ತಿ ಜೀವ ಹಿಂಡುವವನು. ರಾಜ್‌ಕುಮಾರ್ ಹರಿಶ್ಚಂದ್ರನಾಗಿ ಹೆಂಡತಿ ಮಗನನ್ನು ಮಾರುವ ಹೊತ್ತಿಗೆ ಟೆಂಟಿನೊಳಗೆ ಬಿಕ್ಕುವ ಸದ್ದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವ್ವನ ಕಡೆ ತಿರುಗಿ, “ಏ ಇಕಿನ, ಈ ಹರಿಶ್ಚಂದ್ರಗ ಬುದ್ಧಿ ಕಮ್ಮಿ. ನಾ ನೋಡು, ಎತ್ತು ಮಾರಿದೆ, ನಿಮ್ಮನ್ನ ಇಟಗೊಂಡೆ. ಅವನಕಿಂತ ನಾನ ಶಾಣ್ಯಾ!” ಅಂದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ, ಕತ್ತಲೆಯಲ್ಲಿ ಕಾಣಲಿಲ್ಲ.

2008ರಲ್ಲಿ ಆ ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಚೆನ್ನಾಗಿಯೇ ಇತ್ತು. ಆದರೂ ಅಪ್ಪ ಹೇಳಿದ ನಕ್ಷತ್ರಿಕನ ಅಂಗಿ ಬೇರೆ ಬಣ್ಣದ್ದಿತ್ತು ಬಿಡಿ!

ಎರಡು ವರ್ಷದ ಮೇಲೆ ಅಪ್ಪ ಕೈಗಡ ಮಾಡಿ ಮತ್ತೊಂದು ಜೋಡಿ ತಂದ. ಗಟ್ಟಿ ಎತ್ತಿಗೆ ರಾಜಕುಮಾರ ಅಂತ, ಬಡಕಲು ಎತ್ತಿಗೆ ನರಸಿಂಹರಾಜು ಅಂತ ಹೆಸರಿಟ್ಟ. “1954ರಾಗ ‘ಬೇಡರ ಕಣ್ಣಪ್ಪ’ಕ್ಕ ಇಬ್ಬರನ್ನೂ ಕೂಡೇ ಹೂಡ್ಯಾರ, ನಾ ಯಾಕ ಅಗಲಿಸಲಿ?” ಅನ್ನುತ್ತಿದ್ದ.

1979ರಲ್ಲಿ ನರಸಿಂಹರಾಜು ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂದಾಗ ಅಪ್ಪ ಊಟಕ್ಕೆ ಕೂತಿದ್ದ. ಏನಾದರೂ ಚೇಷ್ಟೆಯ ಮಾತು ಬರುತ್ತದೆಂದು ನಾವೆಲ್ಲ ಅವನ ಮುಖ ನೋಡಿದೆವು. ಅವನು ಕೈ ತೊಳೆದುಕೊಂಡು ಕೊಟ್ಟಿಗೆಗೆ ಹೋಗಿ, ಆ ಬಡಕಲು ಎತ್ತಿಗೆ ಎರಡು ಹಿಡಿ ಮೇವು ಹೆಚ್ಚಿಗೆ ಹಾಕಿ, ಬಹಳ ಹೊತ್ತು ಅದರ ಬೆನ್ನು ತಿಕ್ಕುತ್ತ ನಿಂತ.