ರಿಪೋರ್ಟಿನ ಆ ಮೂರು ಸಾಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಹೆಂಗಸರ ಸೊಂಟ ನೋವಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಶೇಂಗಾ ಕಿತ್ತು, ಈರುಳ್ಳಿ ಕೊಯ್ದು, ಮಲ್ಲಿಗೆ ಬಿಡಿಸಿ ಬಾಗಿದ ಬೆನ್ನುಗಳು ಅವು. ಸಾಲದ್ದಕ್ಕೆ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಮೂಳೆ ನೋಯಿಸುವ ಫ್ಲೋರೈಡ್. 'ದುಡಿಯೋ ಮೈಗೆ ನೋವು ಇದ್ದದ್ದೇ' ಎಂದು ಮೆಡಿಕಲ್ ಶಾಪಿನ ಗುಳಿಗೆ ನುಂಗಿ ಮತ್ತೆ ಹೊಲಕ್ಕೆ ನಡೆಯುತ್ತಾರೆ. ಬಹಳ ಸಲ ಅದು ದುಡಿಮೆಯ ನೋವೇ. ಆದರೆ ಆಕೆಗೆ ಐದೋ ಹತ್ತೋ ವರ್ಷದ ಹಿಂದೆ ಸ್ತನದ ಗಡ್ಡೆ ತೆಗೆದಿದ್ದರೆ, ಗುಳಿಗೆಗಿಂತ ಮೊದಲು ಟ್ರಂಕಿನೊಳಗಿನ ಹಳೆಯ ಫೈಲು ಹೊರಗೆ ಬರಬೇಕು.

ಸ್ತನ ಕ್ಯಾನ್ಸರ್‌ನಿಂದ ಸಾವು ಬರುವುದು ಬಹುಪಾಲು ಸ್ತನದಲ್ಲಿರುವ ಗಡ್ಡೆಯಿಂದಲ್ಲ, ಅದು ಮೂಳೆ, ಶ್ವಾಸಕೋಶ, ಯಕೃತ್ತು, ಮಿದುಳಿಗೆ ಹರಡುವುದರಿಂದ. ಹಾಗೆ ಹರಡುವುದು ಕುರುಡಾಗಿ ಅಲ್ಲ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಮಹಿಳೆಯರ ದಾಖಲೆಗಳನ್ನು ಜಾಲಾಡಿ, ರಕ್ತ ಎಲ್ಲ ಅಂಗಗಳಿಗೂ ಹರಿದರೂ ಗಡ್ಡೆ ಕೆಲವೇ ಅಂಗಗಳಲ್ಲಿ ಬೇರು ಬಿಡುತ್ತದೆ ಎಂದು ತೋರಿಸಿದ್ದ. ಬೀಜ ಯಾವುದು, ನೆಲ ಯಾವುದು ಎಂಬುದರ ಮೇಲೆ ಬೆಳೆ ನಿಂತಿದೆ ಎಂಬುದು ಅವನ ಮಾತು. ಎರೆ ಹೊಲಕ್ಕೆ ಬಿಳಿಜೋಳ, ಮಸಾರಿಗೆ ಶೇಂಗಾ ಎಂದು ಬಿತ್ತುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೀಜದ ಗುಣ ಬರೆದಿರುವುದು ಜೀನ್‌ಗಳಲ್ಲಿ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಜೋನ್ ಮಸಾಗೆ ಅವರ ತಂಡ 2003ರಲ್ಲಿ ಮೂಳೆಗೆ, 2005ರಲ್ಲಿ ಶ್ವಾಸಕೋಶಕ್ಕೆ, 2009ರಲ್ಲಿ ಮಿದುಳಿಗೆ ಹೋಗುವ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಬೇರೆ ಬೇರೆ ಜೀನ್‌ಗಳ ಗುಂಪು ಚುರುಕಾಗಿರುತ್ತದೆ ಎಂದು ಗುರುತಿಸಿತು. ಮೂಳೆಗೆ ಹೋದ ಕೋಶ ಮಾಡುವ ಕಿತಾಪತಿ ನೋಡಿ: ಅದು ತಾನೇ ಮೂಳೆಯನ್ನು ಕೊರೆಯುವುದಿಲ್ಲ. ಮೂಳೆ ಸವೆಸಲೆಂದೇ ದೇಹದಲ್ಲಿರುವ ಕೋಶಗಳನ್ನು ಕೆರಳಿಸಿ ಅವುಗಳಿಂದ ಕೆಲಸ ಮಾಡಿಸುತ್ತದೆ. ಮೂಳೆ ಕರಗಿದಂತೆ ಅದರಲ್ಲಿ ಹುದುಗಿದ್ದ ಬೆಳವಣಿಗೆಯ ಅಂಶಗಳು ಬಿಡುಗಡೆಯಾಗುತ್ತವೆ, ಅವನ್ನು ಉಂಡು ಗಡ್ಡೆ ಇನ್ನಷ್ಟು ಬೆಳೆಯುತ್ತದೆ, ಬೆಳೆದಷ್ಟೂ ಮೂಳೆ ಕರಗುತ್ತದೆ. ಸೊಂಟ, ಬೆನ್ನುಹುರಿಯ ಸುತ್ತಲಿನ ಮೂಳೆಗಳು ಇದಕ್ಕೆ ಮೊದಲು ಸಿಗುವ ಜಾಗಗಳಲ್ಲಿ ಸೇರಿವೆ.

ಇದೆಲ್ಲ ದೂರದ ಪ್ರಯೋಗಾಲಯದ ಮಾತು ಎಂದು ತಳ್ಳಿಹಾಕುವಂತಿಲ್ಲ. ಗಡ್ಡೆಯ ತುಣುಕು ಪರೀಕ್ಷಿಸಿದ ರಿಪೋರ್ಟಿನಲ್ಲಿ ಮೂರು ಸಾಲು ಇರುತ್ತವೆ: ಇಆರ್, ಪಿಆರ್, ಹರ್‌-2. ಮೊದಲೆರಡು ಪಾಸಿಟಿವ್ ಇದ್ದರೆ ಅದು ಹಾರ್ಮೋನಿಗೆ ಸ್ಪಂದಿಸುವ ಗಡ್ಡೆ. ಅದರ ಒಲವು ಮೂಳೆಯ ಕಡೆ, ಹತ್ತು ಹದಿನೈದು ವರ್ಷ ಸುಮ್ಮನಿದ್ದು ಮರುಕಳಿಸುವುದೂ ಉಂಟು. ಹರ್‌-2 ಪಾಸಿಟಿವ್ ಆದರೆ ಯಕೃತ್ತು, ಮಿದುಳಿನ ಮೇಲೆ ಹೆಚ್ಚು ಕಣ್ಣಿಡಬೇಕು. ಮೂರೂ ನೆಗೆಟಿವ್ ಇದ್ದರೆ ಶ್ವಾಸಕೋಶ, ಮಿದುಳಿಗೆ ಹೋಗುವ ಸಂಭವ ಹೆಚ್ಚು. ಮರುಕಳಿಸುವುದಾದರೆ ಸಾಮಾನ್ಯವಾಗಿ ಮೊದಲ ಕೆಲವೇ ವರ್ಷಗಳಲ್ಲಿ. ಈ ಮೂರನೆಯ ಬಗೆ ಪಾಶ್ಚಾತ್ಯ ದೇಶಗಳಿಗಿಂತ ನಮ್ಮ ದೇಶದ ಮಹಿಳೆಯರಲ್ಲಿ ಹೆಚ್ಚು. ಇವು ಸಂಭವಗಳು, ಹಣೆಬರಹವಲ್ಲ. ಆದರೂ ಯಾವ ನೋವನ್ನು ಕಡೆಗಣಿಸಬಾರದು ಎಂದು ಹೇಳುವಷ್ಟು ಗಟ್ಟಿಯಾದ ಸುಳಿವುಗಳು.

ಜೀನ್ ಎಂದ ಕೂಡಲೇ ಹಳ್ಳಿಯಲ್ಲಿ ಮನೆತನದ ಮಾತು ಏಳುತ್ತದೆ, ಮಗಳ ಮದುವೆಗೆ ಅಡ್ಡಿಯಾದೀತೆಂಬ ಹೆದರಿಕೆಯಿಂದ ರೋಗವನ್ನೇ ಮುಚ್ಚಿಡುತ್ತಾರೆ. ವಂಶದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಸ್ತನ ಕ್ಯಾನ್ಸರ್ ಮಾತ್ರ. ಉಳಿದವುಗಳಲ್ಲಿ ಜೀನ್ ಕೆಟ್ಟಿರುವುದು ಗಡ್ಡೆಯ ಕೋಶಗಳಲ್ಲಿ, ಮನೆತನದಲ್ಲಿ ಅಲ್ಲ. ಬಿಆರ್‌ಸಿಎ-1 ಎಂಬ ಜೀನಿನ ದೋಷ ವಂಶದಿಂದ ಬಂದವರಲ್ಲಿ ಮೂರೂ ನೆಗೆಟಿವ್ ಆದ ಗಡ್ಡೆ ಹೆಚ್ಚು. ಅಂಥ ಕುಟುಂಬಗಳಲ್ಲಿ ಅಕ್ಕತಂಗಿಯರಿಗೆ, ಹೆಣ್ಣುಮಕ್ಕಳಿಗೆ ಮುಂಚಿತವಾಗಿ ತಪಾಸಣೆ ಮಾಡಿಸಿದರೆ ಜೀವ ಉಳಿಯುತ್ತದೆ. ಮುಚ್ಚಿಟ್ಟರೆ ಆ ಅವಕಾಶವೂ ಹೋಯಿತು.

ಚಿಕಿತ್ಸೆಗೆ ನಮ್ಮವರು ದಾವಣಗೆರೆ, ಬಳ್ಳಾರಿ, ಹುಬ್ಬಳ್ಳಿಗೆ ಹೋಗುತ್ತಾರೆ, ರಾತ್ರಿ ಬಸ್ಸು ಹಿಡಿದು ಬೆಂಗಳೂರಿನ ಕಿದ್ವಾಯಿಗೂ ಹೋಗುತ್ತಾರೆ. ಆಪರೇಷನ್, ಕಿಮೋ, ಕರೆಂಟು ಎಲ್ಲ ಮುಗಿಸಿ ಪ್ಲಾಸ್ಟಿಕ್ ಚೀಲದಲ್ಲಿ ಫೈಲು ಹಿಡಿದು ಊರಿಗೆ ಬರುತ್ತಾರೆ. ಆ ಫೈಲು ಇಂಗ್ಲಿಷಿನಲ್ಲಿದೆ. ತನಗೆ ಬಂದದ್ದು ಯಾವ ಬಗೆಯ ಕ್ಯಾನ್ಸರ್ ಎಂಬುದು ಆಕೆಗೆ ಗೊತ್ತಿಲ್ಲ, ಗಂಡನಿಗೆ ಗೊತ್ತಿಲ್ಲ. ನಾಲ್ಕು ವರ್ಷದ ಮೇಲೆ ಸೊಂಟ ಹಿಡಿದಾಗ ನೋಡುವ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಆ ಫೈಲಿನ ಸುದ್ದಿಯೂ ಇರುವುದಿಲ್ಲ. ಇಷ್ಟು ದೊಡ್ಡ ವಿಜ್ಞಾನ ಇಷ್ಟು ಸಣ್ಣ ಸಂದಿಯಲ್ಲಿ ಸೋರಿಹೋಗುತ್ತಿದೆ.

ಇದನ್ನು ಮುಚ್ಚಲು ಕೋಟಿಗಟ್ಟಲೆ ಬೇಡ. ಡಿಸ್ಚಾರ್ಜ್ ಮಾಡುವಾಗ ಒಂದು ಕನ್ನಡದ ಚೀಟಿ ಸಾಕು: ನಿಮ್ಮ ಗಡ್ಡೆಯ ಬಗೆ ಇದು, ಇಂಥ ತೊಂದರೆ ಕಂಡರೆ ತಡಮಾಡದೆ ಬನ್ನಿ. ಆ ಚೀಟಿಯ ಒಂದು ಪ್ರತಿ ಊರಿನ ಆಶಾ ಕಾರ್ಯಕರ್ತೆಯ ಬಳಿ ಇರಲಿ. ಮೂಳೆಗೆ ಹರಡಿದ್ದರೂ ಮೂಳೆ ಗಟ್ಟಿ ಮಾಡುವ ಚುಚ್ಚುಮದ್ದು, ರೇಡಿಯೇಷನ್, ಹಾರ್ಮೋನ್ ಮಾತ್ರೆಗಳಿಂದ ವರ್ಷಗಟ್ಟಲೆ ಓಡಾಡಿಕೊಂಡಿರುವವರು ಇದ್ದಾರೆ. ಹರ್‌-2 ಬಗೆಗೆ ಬೇಕಾದ ಟ್ರಾಸ್ಟುಜುಮಾಬ್ ಔಷಧಿಯ ಅಗ್ಗದ ರೂಪವನ್ನು 2014ರಲ್ಲಿ ಮಾರುಕಟ್ಟೆಗೆ ತಂದದ್ದು ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ.

ಎಲ್ಲಕ್ಕಿಂತ ಮೇಲು, ಹರಡುವ ಮೊದಲೇ ಹಿಡಿಯುವುದು. ಮುಂಬೈಯ ಟಾಟಾ ಆಸ್ಪತ್ರೆ ಒಂದೂವರೆ ಲಕ್ಷ ಮಹಿಳೆಯರ ಮೇಲೆ ಇಪ್ಪತ್ತು ವರ್ಷ ನಡೆಸಿದ ಅಧ್ಯಯನದ ಫಲ 2021ರಲ್ಲಿ ಹೊರಬಂತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಸ್ತನ ಪರೀಕ್ಷಿಸಿದ್ದರಿಂದಲೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. ದೊಡ್ಡ ಯಂತ್ರವಿರಲಿಲ್ಲ, ಕಲಿತ ಕೈ ಇತ್ತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49ರ ವಯಸ್ಸಿನ ನೂರು ಮಹಿಳೆಯರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ಒಬ್ಬರೂ ಇಲ್ಲ.

ಮನೆಯಲ್ಲಿ ಸ್ತನ ಕ್ಯಾನ್ಸರ್ ಗೆದ್ದು ಬಂದ ಅವ್ವ, ಅಕ್ಕ, ಅತ್ತಿಗೆ ಇದ್ದರೆ ಇಂದೇ ಫೈಲು ತೆಗೆಯಿರಿ, ಆ ಮೂರು ಸಾಲನ್ನು ವೈದ್ಯರಿಂದ ಕನ್ನಡದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಮಲಗಿದರೂ ಬಿಡದ, ರಾತ್ರಿ ಹೆಚ್ಚಾಗುವ ಬೆನ್ನು ನೋವು ವಾರಗಟ್ಟಲೆ ಉಳಿದರೆ ಗುಳಿಗೆಗೆ ನಿಲ್ಲಬೇಡಿ, ಸ್ಕ್ಯಾನ್ ಆಗಬೇಕೇ ಎಂದು ವೈದ್ಯರನ್ನು ಕೇಳಿ. ಕಾಲು ಜೋಮು ಹಿಡಿದು ಬಲ ತಪ್ಪಿದರೆ, ಮೂತ್ರದ ಹತೋಟಿ ತಪ್ಪಿದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.