ಉಳಿದವರ ಸಾಕ್ಷ್ಯ

ಪಂಪ ರನ್ನರ ಕಾಲದಲ್ಲಿ ಬರೆದುದೆಲ್ಲ ಚಿನ್ನವಾಗಿತ್ತು, ಈಗ ಅಚ್ಚಾಗುತ್ತಿರುವುದರಲ್ಲಿ ಮುಕ್ಕಾಲು ಪಾಲು ಹೊಟ್ಟು ಎಂಬ ಮಾತನ್ನು ನಮ್ಮ ಸಾಹಿತ್ಯಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಹೇಳುವವರು ಸಾಮಾನ್ಯರಲ್ಲ, ಹಳಗನ್ನಡವನ್ನು ಅರಗಿಸಿಕೊಂಡವರು, ಆದಿಪುರಾಣದ ಪದ್ಯಗಳನ್ನು ಪುಸ್ತಕದ ನೆರವಿಲ್ಲದೆ ಒಪ್ಪಿಸಬಲ್ಲವರು. ಪಂಪನ ಹಿರಿಮೆಯ ವಿಷಯದಲ್ಲಿ ಅವರಿಗೂ ನನಗೂ ಜಗಳವಿಲ್ಲ. ನನ್ನ ಆಕ್ಷೇಪಣೆಯಿರುವುದು ‘ಬರೆದುದೆಲ್ಲ’ ಎಂಬ ಒಂದೇ ಮಾತಿನ ಮೇಲೆ. ಆ ಕಾಲದಲ್ಲಿ ಬರೆದುದೆಲ್ಲವನ್ನೂ ಕಂಡವರು ಯಾರು?

ಕವಿರಾಜಮಾರ್ಗವು ಸುಮಾರು 850ರ ಹೊತ್ತಿಗೆ ರಚಿತವಾದ ಗ್ರಂಥ. ಅದರಲ್ಲಿ ಗದ್ಯಕಾರರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಹೆಸರುಗಳು ಬರುತ್ತವೆ. ಕನ್ನಡ ಎಂ.ಎ. ಪರೀಕ್ಷೆಗೆ ಕುಳಿತವರೆಲ್ಲರೂ ಈ ಹೆಸರುಗಳನ್ನು ಬಾಯಿಪಾಠ ಮಾಡಿದವರೇ. ಆದರೆ ಅವರ ಕನ್ನಡ ಕೃತಿಗಳಲ್ಲಿ ಒಂದೂ ನಮ್ಮ ಕೈಗೆ ಬಂದಿಲ್ಲ. ಅವು ವಡ್ಡಾರಾಧನೆಯನ್ನು ಮೀರಿಸುವಂತಿದ್ದುವೋ, ಎರಡು ಗರಿ ಓದುವುದರೊಳಗೆ ಆಕಳಿಕೆ ತರಿಸುವಂತಿದ್ದುವೋ ಬಲ್ಲವರಿಲ್ಲ. ಪೊನ್ನನ ಶಾಂತಿಪುರಾಣ ಉಳಿಯಿತು. ಅವನದೇ ಭುವನೈಕರಾಮಾಭ್ಯುದಯ ಅಳಿಯಿತು. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಅದರಿಂದಲೇ ಅದು ಉಳಿಯಿತೆಂದು ನಾನು ಸಾಧಿಸಹೊರಟರೆ ಅದೂ ಒಂದು ಕಾಕತಾಳೀಯವಾದೀತು. ಆದರೆ ಗೆದ್ದಲು ಓಲೆಗರಿಯನ್ನು ತಿನ್ನುವಾಗ ಕಾವ್ಯಗುಣವನ್ನು ವಿಚಾರಿಸುವುದಿಲ್ಲ ಎಂಬಷ್ಟು ನಿಶ್ಚಯ. ಜರಡಿಯಲ್ಲಿ ಉಳಿದುದನ್ನು ಹಿಡಿದುಕೊಂಡು ನಾವು ಅಂದಿನ ರಾಶಿಯನ್ನೆಲ್ಲ ಅಳೆಯುತ್ತೇವೆ. ಇಂದಿನದನ್ನಾದರೋ ಜರಡಿಗೆ ಹಾಕುವ ಮೊದಲೇ ಹೊಟ್ಟುಸಹಿತ ತೂಗುತ್ತೇವೆ. ಇಂಥ ತಕ್ಕಡಿಯಲ್ಲಿ ಯಾವ ವರ್ತಮಾನಕಾಲವೂ ಗೆಲ್ಲಲಾರದು.

ಈ ಬಗೆಯ ತಪ್ಪೆಣಿಕೆಗೆ ಸಂಖ್ಯಾಶಾಸ್ತ್ರದಲ್ಲಿ ಪ್ರತ್ಯೇಕವಾದ ಹೆಸರೇ ಇದೆ. ‘ಉಳಿದವರ ಪಕ್ಷಪಾತ’ ಎಂದು ಅದನ್ನು ಕನ್ನಡಿಸಬಹುದು. ಅದರ ಮಾತು ಬಂದಾಗಲೆಲ್ಲ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞನ ಕಥೆಯೂ ಬರುತ್ತದೆ. ಅವನು ಯೆಹೂದ್ಯ, 1938ರಲ್ಲಿ ಆಸ್ಟ್ರಿಯಾವನ್ನು ಬಿಟ್ಟು ಅಮೆರಿಕವನ್ನು ಸೇರಿದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರ ಸಂಶೋಧನ ತಂಡದಲ್ಲಿದ್ದ. ಬಾಂಬು ಹಾಕಲು ಹೋದ ವಿಮಾನಗಳಲ್ಲಿ ಹಿಂದಿರುಗಿ ಬಂದವುಗಳ ಮೈಮೇಲೆ ಗುಂಡಿನ ತೂತುಗಳಿರುತ್ತಿದ್ದುವು. ತೂತು ಹೆಚ್ಚಾಗಿರುವ ಕಡೆಯಲ್ಲಿ ತಗಡನ್ನು ದಪ್ಪಗೊಳಿಸಬೇಕೆಂದು ಯಾರಿಗಾದರೂ ತೋರುತ್ತದೆ. ವಾಲ್ಡನ ವಿಚಾರಸರಣಿ ಇದಕ್ಕೆ ತಿರುಗುಮುರುಗು. ಅಲ್ಲಿ ಪೆಟ್ಟು ತಿಂದವು ಬದುಕಿ ಬಂದಿವೆಯಷ್ಟೆ. ಎಂಜಿನ್ನಿಗೆ ಪೆಟ್ಟು ತಿಂದ ವಿಮಾನಗಳು ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಅವು ಹಿಂದಿರುಗಲಿಲ್ಲವೆಂಬುದೇ. ಜನಪ್ರಿಯವಾದ ಕಥೆಯಲ್ಲಿ ಅವನು ಸೇನಾಧಿಕಾರಿಗಳಿಗೆ ಒಂದು ಚಾಟೂಕ್ತಿಯನ್ನು ಹೇಳಿ ಬೆರಗುಗೊಳಿಸುತ್ತಾನೆ. 1943ರ ಅವನ ಬರಹಗಳಲ್ಲಿರುವುದಾದರೋ ಒಣ ಗಣಿತ. ಕಥೆಗಳಲ್ಲಿಯೂ ಉಳಿಯುವುದು ಚಮತ್ಕಾರವಿರುವ ಪಾಠವೇ ಎಂದು ತೋರುತ್ತದೆ! 1950ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸಗಳಿಗಾಗಿ ಬಂದಿದ್ದ ವಾಲ್ಡ್, ಆ ವರ್ಷದ ಡಿಸೆಂಬರಿನಲ್ಲಿ ಪತ್ನಿಯೊಡನೆ ವಿಮಾನಾಪಘಾತದಲ್ಲಿ ತೀರಿಕೊಂಡ. ಅಪಘಾತವಾದದ್ದು ನಮಗೆ ದೂರದ ಸ್ಥಳದಲ್ಲಲ್ಲ. ಗುಂಡ್ಲುಪೇಟೆಯಿಂದ ತೆಂಕಣಕ್ಕೆ ಬಂಡೀಪುರದ ಕಾಡು ದಾಟಿದರೆ ಎದುರಾಗುವ ನೀಲಗಿರಿಯಲ್ಲಿ.

ಸಾಹಿತ್ಯಚರಿತ್ರೆಯಲ್ಲಿ ಈ ತಪ್ಪು ನಡೆದರೆ ಹೆಚ್ಚಿನ ಹಾನಿಯಿಲ್ಲ. ವಿಮಳೋದಯನಿಗೆ ಅನ್ಯಾಯವಾದರೆ ಅವನು ಬಂದು ಕೇಳುವವನಲ್ಲ. ಆದರೆ ಇದೇ ತರ್ಕವನ್ನು ನಾವು ವರ್ಷಕ್ಕೊಮ್ಮೆ, ಪರೀಕ್ಷೆಯ ಫಲಿತಾಂಶ ಬಂದ ಕಾಲದಲ್ಲಿ, ಎದುರಿಗೆ ಕುಳಿತಿರುವ ಮಕ್ಕಳ ಮೇಲೆ ಪ್ರಯೋಗಿಸುತ್ತೇವೆ. ಪತ್ರಿಕೆಗಳಲ್ಲಿ ಮೊದಲ ಸ್ಥಾನ ಪಡೆದವರ ಭಾವಚಿತ್ರಗಳು, ಕಾಲೇಜುಗಳಲ್ಲಿ ಸನ್ಮಾನ, ಬೀದಿದೀಪದ ಬೆಳಕಿನಲ್ಲಿ ಓದಿ ದೊಡ್ಡ ಹುದ್ದೆಗೇರಿದವರ ವೃತ್ತಾಂತ. ಅದೇ ದೀಪದ ಕೆಳಗೆ ಅಷ್ಟೇ ಹೊತ್ತು ಓದಿ ಯಾವ ಹುದ್ದೆಯನ್ನೂ ಏರದವರ ವೃತ್ತಾಂತವನ್ನು ಬರೆದವರಿಲ್ಲ. ಬರೆದರೆ ಅಚ್ಚು ಹಾಕುವವರೂ ಇರಲಾರರು.

ಇಂಥ ಒಂದು ಸಮಾರಂಭದಲ್ಲಿ ಮುಖ್ಯ ಅತಿಥಿಗಳು, “ನನ್ನ ಬಳಿ ಏನೂ ಇರಲಿಲ್ಲ, ಪರಿಶ್ರಮವೊಂದಿತ್ತು, ಪರಿಶ್ರಮಪಟ್ಟವರು ಸೋತದ್ದನ್ನು ನಾನು ಕಂಡಿಲ್ಲ” ಎಂದರು. ದೊಡ್ಡ ಚಪ್ಪಾಳೆಯಾಯಿತು. ಸಭೆ ಮುಗಿದ ಮೇಲೆ ನನ್ನ ತರಗತಿಯ ಹುಡುಗಿಯೊಬ್ಬಳು ಬಂದು ನಿಂತಳು. ಬೆಳಗಿನ ಜಾವವೆದ್ದು ಮೂರು ಮನೆಗಳ ಕಸಮುಸುರೆ ಮುಗಿಸಿ ಕಾಲೇಜಿಗೆ ಬರುತ್ತಿದ್ದವಳು. ಆ ವರ್ಷ ಎರಡು ವಿಷಯಗಳಲ್ಲಿ ಅನುತ್ತೀರ್ಣಳಾಗಿದ್ದಳು. “ಹಾಗಾದರೆ ನಾನು ಕಷ್ಟಪಟ್ಟಿಲ್ಲ ಅಂತಲೇ ಸರ್?” ಎಂದು ಕೇಳಿದಳು. ಅತಿಥಿಗಳು ಅವಳನ್ನು ನಿಂದಿಸಬೇಕೆಂದು ಆಡಿದ ಮಾತಲ್ಲ ಅದು. ಆದರೆ ಆ ಮಾತನ್ನು ಒಪ್ಪಿಕೊಂಡ ಮೇಲೆ ಅವಳು ಬೇರೆ ಯಾವ ನಿರ್ಣಯಕ್ಕೆ ಬರಬಹುದಾಗಿತ್ತು? ಉತ್ಸಾಹ ತುಂಬಲೆಂದು ಆಡಿದ ವಾಕ್ಯವೇ ಸೋತವರ ಪಾಲಿಗೆ ಆರೋಪಪಟ್ಟಿಯಾಗುತ್ತದೆ.

ನಮ್ಮ ತಾರ್ಕಿಕರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವು ವಿದ್ಯಾರ್ಥಿಗಳಿಗೆಂದೇ ಬರೆದ ಕೈಪಿಡಿ. ಬೆಟ್ಟದಲ್ಲಿ ಹೊಗೆಯಿದೆ, ಆದುದರಿಂದ ಬೆಂಕಿಯಿದೆ ಎಂಬುದು ಸರಿಯಾದ ಅನುಮಾನ. ಇದನ್ನೇ ತಿರುಗಿಸಿ, ಬೆಂಕಿಯಿದೆ, ಆದುದರಿಂದ ಹೊಗೆಯಿದೆ ಎಂದರೆ ಹೇತ್ವಾಭಾಸ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಬೆಂಕಿಯ ಜೊತೆಗೆ ಹಸಿ ಸೌದೆಯೂ ಬೇಕು. ಹೀಗೆ ಲೆಕ್ಕಕ್ಕೆ ಬಾರದೆ ಮರೆಯಲ್ಲಿ ಉಳಿದಿರುವುದಕ್ಕೆ ಅವರು ‘ಉಪಾಧಿ’ ಎಂದು ಹೆಸರಿಟ್ಟರು. ಗೆದ್ದವರಲ್ಲೆಲ್ಲ ಪರಿಶ್ರಮವಿತ್ತು ಎಂಬುದನ್ನು ಒಪ್ಪೋಣ. ಪರಿಶ್ರಮವಿದ್ದಲ್ಲೆಲ್ಲ ಗೆಲವು ಎಂಬುದು ಮಾತ್ರ ಬೆಂಕಿಯಿಂದ ಹೊಗೆಯನ್ನು ಊಹಿಸಿದಂತೆ. ಒಂದು ಹಾಸ್ಟೆಲಿನ ಕೋಣೆ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಕಾಯಿಲೆ ಬೀಳದ ತಂದೆ, ಇವೆಲ್ಲ ಹಸಿ ಸೌದೆ. ಗೆದ್ದವರಿಗೆ ತಮ್ಮ ಸೌದೆ ಕಾಣುವುದು ಅಪರೂಪ. ಬೆಂಕಿಯ ಬಿಸಿಯಾದರೋ ಅವರ ಮೈಗೇ ತಟ್ಟಿರುತ್ತದೆ.

ಹೀಗೆಲ್ಲ ಹೇಳಿದರೆ ತರುಣರು ಕೈಚೆಲ್ಲಿ ಕೂರುವರೆಂದು ನನ್ನ ಸಹೋದ್ಯೋಗಿಗಳು ಕೆಲವರು ಅಂಜುತ್ತಾರೆ. ಅಂಜಿಕೆ ನಿರಾಧಾರವೆನ್ನಲಾರೆ; ಸೋಮಾರಿಯಾದವನು ಈ ತರ್ಕವನ್ನು ಹೊದ್ದುಕೊಂಡು ಮಲಗಬಹುದು. ಆದರೂ ಬೆಂಕಿ ಬೇಡವೆಂದು ಅನ್ನಂಭಟ್ಟ ಹೇಳಲಿಲ್ಲ. ಅಲ್ಲದೆ ಸೌದೆಯೆಂಬುದೊಂದಿದೆಯೆಂದು ಒಪ್ಪದ ಸಮಾಜವು ಹಾಸ್ಟೆಲನ್ನು ಕಟ್ಟಿಸುವ ಗೋಜಿಗೇ ಹೋಗುವುದಿಲ್ಲ.

ತರ್ಕದೋಷಗಳ ಪಟ್ಟಿಯನ್ನು ಪಠ್ಯದಲ್ಲಿ ಸೇರಿಸಬೇಕೆಂಬ ಸಲಹೆ ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ನನಗೆ ಅದರಲ್ಲಿ ಪೂರ್ಣವಾದ ನಂಬಿಕೆಯಿಲ್ಲ. ಹೆಸರು ಕಲಿತವನು ಮೊದಲು ಹುಡುಕುವುದು ಎದುರಾಳಿಯ ದೋಷವನ್ನು. ನ್ಯಾಯಸೂತ್ರಗಳಲ್ಲಿ ವಾದಕ್ಕೂ ಜಲ್ಪವಿತಂಡೆಗಳಿಗೂ ಗೆರೆ ಎಳೆದದ್ದು ಸುಮ್ಮನೆ ಅಲ್ಲ. ಪಟ್ಟಿಗಿಂತ ನನಗೆ ಹೆಚ್ಚು ಉಪಯುಕ್ತವೆಂದು ತೋರುವುದು ನಮ್ಮ ಕಾಲೇಜುಗಳ ಹಳೆಯ ಹಾಜರಿ ಪುಸ್ತಕ. ಜೂನ್ ಜುಲೈಗಳಲ್ಲಿ ಬರೆದ ಹೆಸರುಗಳ ಮೇಲೆ ಜನವರಿಯ ವೇಳೆಗೆ ಅಲ್ಲಲ್ಲಿ ಕೆಂಪು ಗೆರೆ ಬಿದ್ದಿರುತ್ತದೆ. ಮದುವೆಯಾಗಿ ಹೋದವಳು, ಗಾರ್ಮೆಂಟ್ಸ್ ಕಾರ್ಖಾನೆಗೆ ಸೇರಿದವಳು, ಅಪ್ಪನ ಅಂಗಡಿಯಲ್ಲಿ ಕುಳಿತವನು, ಎಲ್ಲಿಗೆ ಹೋದನೆಂದು ಯಾರಿಗೂ ತಿಳಿಯದವನು. ಮುಂದಿನ ಸನ್ಮಾನ ಸಮಾರಂಭದಲ್ಲಿ ಚಿನ್ನದ ಪದಕಗಳನ್ನು ಕೊಡುವ ಮುನ್ನ ಈ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಲು ಪ್ರಾಂಶುಪಾಲರು ಒಪ್ಪುವರೇ?